ಗಾಂಧಾರ ಎರಡು, ಪಟ್ಟಿ ಒಂದು

ತೇರದಾಳದ ಭಜನಾ ಮೇಳ ಇರಲಿ, ಊರೂರು ಸುತ್ತುವ ಶ್ರೀಕೃಷ್ಣ ಪಾರಿಜಾತದ ಮೇಳ ಇರಲಿ, ಸುರ ಹಿಡಿಯುವುದು ಪೇಟಿಯಿಂದಲೇ, ಅಂದರೆ ಹಾರ್ಮೋನಿಯಂನಿಂದಲೇ. ಪೇಟಿ ಮಾಸ್ತರು ಕರಿ ಒಂದೋ ಬಿಳಿ ನಾಲ್ಕೋ ಒತ್ತಿ ಸಾ ಕೊಡುತ್ತಾರೆ, ಹಾಡುವವರು ಅದಕ್ಕೆ ದನಿ ಸೇರಿಸುತ್ತಾರೆ. ಅದೇ ಮೇಳದಲ್ಲಿ ಚೆನ್ನಾಗಿ ಕೂಡಿಸಿದ ತಂಬೂರಿಯೂ ಇದ್ದರೆ ಒಂದು ವಿಚಿತ್ರ ಕಿವಿಗೆ ಬೀಳುತ್ತದೆ. ಸಾ ಕೂಡುತ್ತದೆ, ಪಾ ಕೂಡುತ್ತದೆ. ಪೇಟಿಯ ಗಾಂಧಾರವನ್ನು ಒತ್ತಿ ಹಿಡಿದರೆ ಮಾತ್ರ ಅದು ತಂಬೂರಿಯ ಮೇಲೆ ಕೂರದೆ ತೊನೆದಾಡುತ್ತದೆ. ಪೇಟಿ ಕೆಟ್ಟಿತೆಂದು ರಿಪೇರಿಗೆ ಒಯ್ದರೆ, "ಟ್ಯೂನಿಂಗ್ ಬರೋಬ್ಬರಿ ಐತ್ರಿ" ಎಂದು ತಿರುಗಿ ಕಳಿಸುತ್ತಾರೆ. ಅವರು ಹೇಳುವುದು ಸುಳ್ಳಲ್ಲ.

ಪೇಟಿಯೂ ಸರಿ ಇದೆ, ತಂಬೂರಿಯೂ ಸರಿ ಇದೆ. ಎರಡನ್ನೂ ಕೂಡಿಸಿದ ಲೆಕ್ಕ ಬೇರೆ. ಒಂದೇ ಹೆಸರಿನ ಸ್ವರಕ್ಕೆ ಎರಡು ಜಾಗಗಳಿವೆ. ಅವುಗಳ ನಡುವಿನ ಸಣ್ಣ ಅಂತರವನ್ನು ನಮ್ಮಲ್ಲಿ ಪ್ರಮಾಣ ಶ್ರುತಿ ಎನ್ನುತ್ತಾರೆ, ಯುರೋಪಿನ ಸಂಗೀತಶಾಸ್ತ್ರದಲ್ಲಿ ಕಾಮಾ ಎನ್ನುತ್ತಾರೆ. ಪೇಟಿಯಲ್ಲಿ ಆ ಸ್ವರಕ್ಕೆ ಇರುವುದು ಒಂದೇ ಪಟ್ಟಿಯಾದ್ದರಿಂದ ಅದು ಈ ಎರಡರ ನಡುವೆ ಎಲ್ಲೋ ನಿಂತುಬಿಡುತ್ತದೆ. ಈ ಅಂತರ ಹುಟ್ಟುವುದು ಹೇಗೆ, ಎಷ್ಟು ದೊಡ್ಡದು, ಹಾಡುವವರಿಗೂ ನುಡಿಸುವವರಿಗೂ ಅದರಿಂದ ಆಗುವುದೇನು ಎಂಬುದನ್ನು ಒಂದೊಂದಾಗಿ ನೋಡೋಣ.

ತಂತಿಯ ಮೇಲೆ ಒಂದು ಸೆಂಟಿಮೀಟರ್

ಪಿಯು ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಸೋನೋಮೀಟರ್ ಇರುತ್ತದೆ. ಟೊಳ್ಳು ಮರದ ಪೆಟ್ಟಿಗೆ, ಅದರ ಮೇಲೆ ತೂಕ ಕಟ್ಟಿ ಬಿಗಿದ ತಂತಿ, ತಂತಿಯ ಕೆಳಗೆ ಸರಿಸಲು ಬರುವ ಎರಡು ಕುದುರೆ, ಪಕ್ಕದಲ್ಲಿ ಅಳತೆಪಟ್ಟಿ. ಕುದುರೆಗಳ ನಡುವೆ 90 ಸೆಂ.ಮೀ. ಬಿಟ್ಟು ಮಿಡಿದಾಗ ಬರುವ ದನಿಯನ್ನು ಸಾ ಎಂದುಕೊಳ್ಳಿ. 45ಕ್ಕೆ ತಂದರೆ ಮೇಲಿನ ಸಾ ಸಿಗುತ್ತದೆ, 60ಕ್ಕೆ ಪಾ, 67.5ಕ್ಕೆ ಶುದ್ಧ ಮಾ, 72ಕ್ಕೆ ಶುದ್ಧ ಗಾ. ತಂತಿ ಅರ್ಧವಾದರೆ ಕಂಪನ ಎರಡು ಪಟ್ಟು, ಮೂರರಲ್ಲಿ ಎರಡು ಪಾಲಾದರೆ ಒಂದೂವರೆ ಪಟ್ಟು, ಐದರಲ್ಲಿ ನಾಲ್ಕು ಪಾಲಾದರೆ ಒಂದೂಕಾಲು ಪಟ್ಟು. ಅನುಪಾತ ಹೀಗೆ ಸಣ್ಣ ಸಂಖ್ಯೆಗಳಲ್ಲಿ ಇದ್ದಾಗ ಎರಡು ದನಿಗಳು ಒಂದರಲ್ಲೊಂದು ಬೆರೆತು ಅಲುಗದೆ ನಿಲ್ಲುತ್ತವೆ. ಸಂವಾದ ಎನ್ನುವುದು ಇದನ್ನೇ.

ಈಗ ರಿಷಭ ಹುಡುಕೋಣ. ಮೊದಲ ದಾರಿ ಪಂಚಮದ ಪಂಚಮ. 60ರ ಮೂರರಲ್ಲಿ ಎರಡು ಪಾಲು 40. ಅದು ಮೇಲಿನ ಸಪ್ತಕದ ರಿಷಭ. ಉದ್ದವನ್ನು ಎರಡು ಪಟ್ಟು ಮಾಡಿ ಕೆಳಗಿನ ಸಪ್ತಕಕ್ಕೆ ತಂದರೆ 80 ಸೆಂ.ಮೀ.

ಎರಡನೆಯ ದಾರಿ ಧೈವತದಿಂದ. ಮಾ ಮೇಲೆ ನಿಂತು ನೋಡಿದರೆ ಧಾ ಅದಕ್ಕೆ ಗಾಂಧಾರವಾಗುತ್ತದೆ. 67.5ರ ಐದರಲ್ಲಿ ನಾಲ್ಕು ಪಾಲು 54, ಅದೇ ಧಾ. ಈ ಧಾ ಯಾವ ರಿಷಭಕ್ಕೆ ಪಂಚಮವಾಗಿ ಕೂರುತ್ತದೆ? 54ರ ಒಂದೂವರೆ ಪಟ್ಟು, 81 ಸೆಂ.ಮೀ.

ಮೊದಲ ದಾರಿಯಲ್ಲಿ 80, ಎರಡನೆಯದರಲ್ಲಿ 81. ಎರಡೂ ದಾರಿಯಲ್ಲಿ ತಪ್ಪು ಹೆಜ್ಜೆ ಇಲ್ಲ, ಬಳಸಿದ್ದೆಲ್ಲ ಶುದ್ಧ ಸಂವಾದಗಳೇ. ಆದರೂ ರಿಷಭ ಎರಡು ಬಂದವು, ಅಳತೆಪಟ್ಟಿಯ ಮೇಲೆ ಸರಿಯಾಗಿ ಒಂದು ಸೆಂಟಿಮೀಟರ್ ಅಂತರದಲ್ಲಿ. 81ಕ್ಕೆ 80ರ ಈ ಅನುಪಾತವೇ ಪ್ರಮಾಣ ಶ್ರುತಿ. ಕುದುರೆಯನ್ನು 80ರಲ್ಲಿಟ್ಟು ಒಮ್ಮೆ, 81ರಲ್ಲಿಟ್ಟು ಒಮ್ಮೆ ಮಿಡಿದರೆ ಸಂಗೀತ ಕಲಿಯದವರ ಕಿವಿಗೂ ವ್ಯತ್ಯಾಸ ತಿಳಿಯುತ್ತದೆ.

ಇದಕ್ಕೆ ಕಾರಣ ಶುದ್ಧ ಗಣಿತ. ಪಂಚಮದ ದಾರಿ ನಡೆಯುವುದು 2 ಮತ್ತು 3ರ ಗುಣಾಕಾರದಿಂದ. ಗಾಂಧಾರದ ದಾರಿಗೆ 5 ಬೇಕು. ಎರಡನ್ನೂ ಮೂರನ್ನೂ ಎಷ್ಟು ಸಲ ಗುಣಿಸಿದರೂ ಐದು ಹುಟ್ಟುವುದಿಲ್ಲ. ಹಾಗಾಗಿ ಈ ಎರಡು ದಾರಿಗಳು ಹತ್ತಿರ ಹತ್ತಿರ ಬರುತ್ತವೆ, ಒಂದೇ ಬಿಂದುವಿನಲ್ಲಿ ಎಂದೂ ಸೇರುವುದಿಲ್ಲ.

ಮಿಡಿತ ಎಣಿಸಿ ನೋಡಿ

ಇದೇ ಮಾತನ್ನು ಗಾಂಧಾರದಲ್ಲಿ ನೋಡೋಣ, ಈ ಸಲ ಕಂಪನದ ಲೆಕ್ಕದಲ್ಲಿ. ಸಾ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಂಡರೆ ಬಾಯಿಲೆಕ್ಕ ಸುಲಭ. ಸಾ 240, ಪಾ 360. ಪಾದ ಪಂಚಮ 540, ಒಂದು ಸಪ್ತಕ ಇಳಿಸಿದರೆ ರೀ 270. ಅದರ ಪಂಚಮ ಧಾ 405. ಅದರ ಪಂಚಮ 607.5, ಇಳಿಸಿದರೆ ಗಾ 303.75. ನಾಲ್ಕು ಪಂಚಮ ಹತ್ತಿ ಬಂದ ಗಾಂಧಾರ ಇದು. ನೇರವಾಗಿ ಸಾದಿಂದ ಒಂದೂಕಾಲು ಪಟ್ಟು ಎಂದು ತೆಗೆದ ಗಾಂಧಾರ 300. ಇಲ್ಲಿಯೂ ಅಂತರ 81ಕ್ಕೆ 80.

ಇವುಗಳಲ್ಲಿ ತಂಬೂರಿ ಯಾವುದನ್ನು ಒಪ್ಪುತ್ತದೆ? ತಂತಿ ಮಿಡಿದಾಗ ಅದರಿಂದ ಒಂದೇ ದನಿ ಬರುವುದಿಲ್ಲ. ಮೂಲ ಕಂಪನದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು, ಐದು ಪಟ್ಟಿನ ಒಳದನಿಗಳೂ ಏಳುತ್ತವೆ. ತಂಬೂರಿಯ ಖರ್ಜದ, ಅಂದರೆ ಕೆಳಗಿನ ಸಾದ, ತಂತಿ 120ಕ್ಕೆ ಕೂಡಿದ್ದರೆ ಅದರ ಐದನೆಯ ಒಳದನಿ 600. ಅದು 300ರ ಎರಡು ಪಟ್ಟು, ಅಂದರೆ ಶುದ್ಧ ಗಾಂಧಾರವೇ ಒಂದು ಸಪ್ತಕ ಮೇಲೆ. ಯಾರೂ ಮಿಡಿಯದೆ ತಾನಾಗಿ ಏಳುವುದರಿಂದ ಅದಕ್ಕೆ ಸ್ವಯಂಭೂ ಗಾಂಧಾರ ಎಂಬ ಹೆಸರು ಬಂದಿದೆ.

ಹಾಡುವವರ ಗಾ 300ರಲ್ಲಿ ನಿಂತರೆ ಅದರ ಎರಡನೆಯ ಒಳದನಿಯೂ 600. ಎರಡೂ ಒಂದಾಗುತ್ತವೆ. 303.75ರಲ್ಲಿ ನಿಂತರೆ 607.5 ಆಗಿ, ತಂಬೂರಿಯ 600ರ ಜೊತೆ ಆ ಅಂತರದಷ್ಟೇ, ಸೆಕೆಂಡಿಗೆ ಏಳೂವರೆ ಸಲ, ದನಿ ಏರಿಳಿದು ಮಿಡಿಯುತ್ತದೆ. ಪೇಟಿಯ ಗಾ 302.4ರ ಹತ್ತಿರ ಇರುತ್ತದೆ, ಅದರ ಮಿಡಿತ ಸೆಕೆಂಡಿಗೆ ಸುಮಾರು ಐದು. ಮೇಳದಲ್ಲಿ ಕೇಳುವ ತೊನೆದಾಟ ಈ ಐದರದು. ಪೇಟಿಯ ಪಾ 359.6, ಖರ್ಜದ ಮೂರನೆಯ ಒಳದನಿ 360. ಅಲ್ಲಿ ಮಿಡಿತ ಎರಡೂವರೆ ಸೆಕೆಂಡಿಗೆ ಒಂದರಂತೆ ಬರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಇಷ್ಟು ಸಣ್ಣ ಅಂತರಗಳನ್ನು ಅಳೆಯಲು ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಸೆಂಟ್ ಎಂಬ ಮಾಪಕವನ್ನು ಬಳಕೆಗೆ ತಂದ. ಒಂದು ಸಪ್ತಕಕ್ಕೆ 1200 ಸೆಂಟ್, ಪೇಟಿಯ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ 100. ಈ ಅಳತೆಯಲ್ಲಿ ಶುದ್ಧ ಗಾಂಧಾರ 386, ಪೇಟಿಯದು 400, ಪಂಚಮ ಹತ್ತಿ ಬಂದದ್ದು 408. ಪ್ರಮಾಣ ಶ್ರುತಿ 21.5 ಸೆಂಟ್, ಪೇಟಿಯ ಎರಡು ಪಕ್ಕದ ಪಟ್ಟಿಗಳ ಅಂತರದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು.

ಪೇಟಿ ಮಾಡಿಕೊಂಡ ರಾಜಿ

ಪೇಟಿ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ದಶಕದಲ್ಲಿ ಅಲೆಕ್ಸಾಂಡ್ರ್ ದೆಬೇನ್ ಅದಕ್ಕೆ ಪೇಟೆಂಟ್ ಪಡೆದ. ಕಾಲಿನಿಂದ ತಿದಿಯೊತ್ತುವ ಆ ವಾದ್ಯವನ್ನು ನೆಲದ ಮೇಲೆ ಕೂತು ಒಂದು ಕೈಯಿಂದ ಗಾಳಿ ಹಾಕುವಂತೆ ಮಾಡಿದ್ದು ಕೋಲ್ಕತ್ತದ ದ್ವಾರಕಾನಾಥ ಘೋಷ್. ರೂಪ ಬದಲಾಯಿತು, ಯುರೋಪಿನಿಂದ ಬಂದ 12 ಸಮಪಾಲಿನ ಲೆಕ್ಕ ಹಾಗೇ ಉಳಿಯಿತು.

ಆ ಲೆಕ್ಕ ಬೇಕಾದದ್ದು ಯಾಕೆ? ಸಾದಿಂದ ಹೊರಟು 12 ಪಂಚಮ ಹತ್ತಿದರೆ ಏಳು ಸಪ್ತಕ ಮೇಲಿನ ಸಾಕ್ಕೆ ತಲುಪಬೇಕು. ತಲುಪುವುದಿಲ್ಲ, 23.5 ಸೆಂಟ್ ಮುಂದೆ ಹೋಗಿ ಬೀಳುತ್ತೇವೆ. 12 ಚಾಂದ್ರಮಾಸ ಸೇರಿಸಿದರೆ ಒಂದು ಸೌರವರ್ಷ ತುಂಬುವುದಿಲ್ಲವಲ್ಲ, ಇದು ಆ ಜಾತಿಯ ತೊಡಕು. ಪಂಚಾಂಗದವರು ಅಂತರವನ್ನು ಕೂಡಿಟ್ಟು ಅಧಿಕಮಾಸ ಎಂದು ಒಮ್ಮೆಲೇ ತೀರಿಸುತ್ತಾರೆ. ಪೇಟಿಯವರು ಅದನ್ನು 12 ಪಾಲು ಮಾಡಿ ಪ್ರತಿ ಪಂಚಮದಿಂದ ಎರಡೆರಡು ಸೆಂಟ್ ಕಡಿದುಕೊಂಡರು. ಪಂಚಮಗಳಿಗೆ ಅದು ತಾಗಲಿಲ್ಲ. ಪೆಟ್ಟು ಬಿದ್ದದ್ದು 5ರ ಲೆಕ್ಕದ ಸ್ವರಗಳಿಗೆ. ಶುದ್ಧ ಗಾ 14 ಸೆಂಟ್ ಏರಿತು, ಶುದ್ಧ ಧಾ 16, ಶುದ್ಧ ನೀ 12. ಕೋಮಲ ಗಾ ಉಲ್ಟಾ 16 ಸೆಂಟ್ ಇಳಿಯಿತು.

ಇದರಿಂದ ಸಿಕ್ಕ ಲಾಭ ಸಣ್ಣದಲ್ಲ. ಎಲ್ಲ ಅಂತರಗಳೂ ಸಮ ಇರುವುದರಿಂದ ಯಾವ ಪಟ್ಟಿಯನ್ನು ಬೇಕಾದರೂ ಸಾ ಮಾಡಿಕೊಳ್ಳಬಹುದು. ಕರಿ ಒಂದರಲ್ಲಿ ಹಾಡುವ ಕೃಷ್ಣನಿಗೂ ಕರಿ ಐದರಲ್ಲಿ ಹಾಡುವ ರುಕ್ಮಿಣಿಗೂ ಒಂದೇ ಪೇಟಿ ಸಾಕು. ಸ್ಕೇಲ್ ಚೇಂಜರ್ ಪೇಟಿಯಂತೂ ಈ ಸಮಪಾಲಿನ ಮೇಲೆಯೇ ನಿಂತಿದೆ. ಪಟ್ಟಿಗಳ ಸಾಲು ಸರಿಯುತ್ತದೆ, ರೀಡುಗಳು ಇದ್ದಲ್ಲೇ ಇರುತ್ತವೆ. ಸಮ ಇಲ್ಲದ ಪೇಟಿಯಲ್ಲಿ ಸಾಲು ಸರಿಸಿದ ಕೂಡಲೇ ಸ್ವರಗಳೆಲ್ಲ ದಿಕ್ಕಾಪಾಲು.

22 ಎಲ್ಲಿಂದ ಬಂತು

ಭರತನ ನಾಟ್ಯಶಾಸ್ತ್ರ ಸಪ್ತಕಕ್ಕೆ 22 ಶ್ರುತಿ ಎನ್ನುತ್ತದೆ. ಸಾಕ್ಕೆ 4, ರೀಗೆ 3, ಗಾಗೆ 2, ಮಾಗೆ 4, ಪಾಗೆ 4, ಧಾಗೆ 3, ನೀಗೆ 2. ಅದನ್ನು ಕಿವಿಗೆ ತೋರಿಸಲು ಎರಡು ವೀಣೆಗಳ ಪ್ರಯೋಗ ಹೇಳುತ್ತದೆ. ಎರಡನ್ನೂ ಒಂದೇ ರೀತಿ ಕೂಡಿಸಿ, ಧ್ರುವ ವೀಣೆಯನ್ನು ಹಾಗೇ ಬಿಟ್ಟು, ಚಲ ವೀಣೆಯನ್ನು ನಾಲ್ಕು ಹಂತದಲ್ಲಿ ಇಳಿಸುತ್ತ ಹೋಗಬೇಕು. ಮೊದಲ ಹಂತದಲ್ಲಿ ಒಂದು ಪ್ರಮಾಣ ಶ್ರುತಿ ಇಳಿಯುತ್ತದೆ, ಯಾವ ಸ್ವರವೂ ಇನ್ನೊಂದಕ್ಕೆ ತಾಗುವುದಿಲ್ಲ. ಎರಡನೆಯದರಲ್ಲಿ ಚಲ ವೀಣೆಯ ಗಾ ಮತ್ತು ನೀ ಧ್ರುವ ವೀಣೆಯ ರೀ ಮತ್ತು ಧಾದಲ್ಲಿ ಸೇರುತ್ತವೆ. ಮೂರನೆಯದರಲ್ಲಿ ರೀ ಮತ್ತು ಧಾ ಹೋಗಿ ಸಾ ಮತ್ತು ಪಾದಲ್ಲಿ ಸೇರುತ್ತವೆ. ನಾಲ್ಕನೆಯದರಲ್ಲಿ ಸಾ, ಮಾ, ಪಾ ತಮ್ಮ ಕೆಳಗಿನ ನೀ, ಗಾ, ಮಾದಲ್ಲಿ ಸೇರುತ್ತವೆ. ಎರಡು ಸ್ವರಕ್ಕೆ ಎರಡೆರಡು, ಎರಡಕ್ಕೆ ಮೂರು ಮೂರು, ಮೂರಕ್ಕೆ ನಾಲ್ಕು ನಾಲ್ಕು, ಒಟ್ಟು 22. ಭರತ ಇದಕ್ಕೆ ಅನುಪಾತ ಕೊಟ್ಟಿಲ್ಲ, ಸೇರಿತೋ ಇಲ್ಲವೋ ಎಂಬುದನ್ನು ಕಿವಿಯೇ ತೀರ್ಮಾನಿಸಬೇಕು.

ಇಂದು ಹೆಚ್ಚು ಬಳಕೆಯಲ್ಲಿರುವ ಅನುಪಾತದ ಲೆಕ್ಕ ಇನ್ನೊಂದು ಬಗೆಯದು. ಪೇಟಿಯ 12 ಸ್ಥಾನಗಳಲ್ಲಿ ಸಾ ಮತ್ತು ಪಾ ಅಚಲ. ಉಳಿದ ಹತ್ತಕ್ಕೂ ಎರಡೆರಡು ರೂಪ, ಒಂದು ಇಳಿದದ್ದು, ಒಂದು ಏರಿದ್ದು. ಎರಡು ಅಚಲ ಸ್ವರ, ಹತ್ತು ಜೋಡಿ, ಒಟ್ಟು 22. ಪ್ರತಿ ಜೋಡಿಯ ಒಳಗಿನ ಅಂತರ ಒಂದೇ, 81ಕ್ಕೆ 80. ಸಾ 240 ಇದ್ದಾಗ ಕೆಲವು ಜೋಡಿಗಳು ಹೀಗೆ ಬರುತ್ತವೆ:

ಕೋಮಲ ರೀ: 252.8 ಮತ್ತು 256
ಶುದ್ಧ ರೀ: 266.7 ಮತ್ತು 270
ಕೋಮಲ ಗಾ: 284.4 ಮತ್ತು 288
ಶುದ್ಧ ಗಾ: 300 ಮತ್ತು 303.75
ಶುದ್ಧ ಧಾ: 400 ಮತ್ತು 405
ಶುದ್ಧ ನೀ: 450 ಮತ್ತು 455.6

22 ಮೆಟ್ಟಿಲುಗಳೂ ಸಮ ಎಂದು ತಿಳಿಯಬಾರದು. ಅವುಗಳಲ್ಲಿ ಮೂರು ಅಳತೆಗಳಿವೆ: 21.5 ಸೆಂಟಿನವು ಹತ್ತು, 70.7ರವು ಐದು, 90.2ರವು ಏಳು. ಕೂಡಿಸಿದರೆ 1200 ಸರಿಹೋಗುತ್ತದೆ.

ಸಾಂಗ್ಲಿಯಿಂದ ಬಂದ ಪೇಟಿ

ಈ ಲೆಕ್ಕವನ್ನು ಆಧುನಿಕ ಕಾಲದಲ್ಲಿ ಎತ್ತಿ ಹಿಡಿದವರು ನಮ್ಮ ನೆರೆಯವರೇ. ಸಂಸ್ಥಾನಗಳ ಕಾಲದಲ್ಲಿ ತೇರದಾಳ ಸಾಂಗ್ಲಿ ಸಂಸ್ಥಾನದ ಒಂದು ತಾಲೂಕು. ಜಮಖಂಡಿ, ಮಿರಜ, ಸಾಂಗ್ಲಿ ಮೂರೂ ಪಟವರ್ಧನ ಮನೆತನದ ಸಂಸ್ಥಾನಗಳು. ಸಾಂಗ್ಲಿಯಲ್ಲಿ ನೆಲೆಸಿದ್ದ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ ಹಿಂದೂ ಸ್ವರಶ್ರೇಣಿ ಮತ್ತು 22 ಶ್ರುತಿಗಳ ಬಗ್ಗೆ 1910ರಲ್ಲಿ ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ಪ್ರಾತ್ಯಕ್ಷಿಕೆಗೆ ನೆರವಾದವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್, ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ದೇವಲರ ಜೊತೆ ಸೇರಿದರು. 1913ರಲ್ಲಿ ಅವರದೂ ಒಂದು ಗ್ರಂಥ ಬಂತು.

ಇಬ್ಬರೂ ಸೇರಿ ಲಂಡನ್ನಿನ ಮೂರ್ ಎಂಬುವರಿಂದ ಶ್ರುತಿ ಪೇಟಿ ಮಾಡಿಸಿದರು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದನ್ನು ಪಂಡಿತರ ಮುಂದಿಟ್ಟರು. ಒಮ್ಮತ ಮೂಡಲಿಲ್ಲ. ಸ್ವರಕ್ಕೆ ಎರಡು ರೂಪ ಇದೆ ಎನ್ನುವುದನ್ನು ಒಪ್ಪಬಹುದು, ಆ ಎರಡೂ ಕಲ್ಲಿನಲ್ಲಿ ಕೆತ್ತಿದಂತೆ ಅಲ್ಲಲ್ಲೇ ಇರುತ್ತವೆ ಎನ್ನುವುದನ್ನು ಗಾಯಕರು ಒಪ್ಪುವುದು ಕಷ್ಟ. ಪೇಟಿಯ ಮೇಲಿನ ಸಿಟ್ಟು ಮುಂದೆ ಇನ್ನೂ ಬಲಿತು, 1940ರಲ್ಲಿ ರೇಡಿಯೊ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಶ್ರುತಿ ಪೇಟಿಯ ಆಸೆ ಅಷ್ಟಕ್ಕೆ ಸಾಯಲಿಲ್ಲ. ಠಾಣೆಯ ಡಾ. ವಿದ್ಯಾಧರ ಓಕ್ ಗುಬುಟ ಎಳೆದು ಜೋಡಿಯಲ್ಲಿ ಬೇಕಾದ ಸ್ವರವನ್ನು ಆರಿಸಿಕೊಳ್ಳುವ 22 ಶ್ರುತಿಯ ಪೇಟಿ ರೂಪಿಸಿದ್ದಾರೆ.

ಅಬ್ದುಲ್ ಕರೀಮ್ ಖಾನರು 1937ರಲ್ಲಿ ತೀರಿಕೊಂಡರು. ಅವರ ಸಮಾಧಿ ಮಿರಜದ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಉರುಸಿಗೆ ಪ್ರತಿವರ್ಷ ಅಲ್ಲಿ ಹಾಡುಗಾರಿಕೆ ನಡೆಯುತ್ತದೆ.

ತಂಬೂರಿ ಏನು ಹೇಳುತ್ತದೆ

ಮಿರಜದ ತಂಬೂರಿಗೂ ಸಿತಾರಿಗೂ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ನಮ್ಮ ಭಾಗದ ಗಾಯಕರ ಮನೆಗಳಿಗೆ ಬರುವ ತಂಬೂರಿ ಬಹುಪಾಲು ಅಲ್ಲಿಯದೇ. ಅದರ ಜೀವ ಇರುವುದು ಜವಾರಿಯಲ್ಲಿ. ತಂತಿ ಹಾಯುವ ಘೋಡಿಯ ಮೈ ಸಪಾಟಾಗಿರದೆ ನಯವಾಗಿ ಬಾಗಿರುತ್ತದೆ. ತಂತಿ ಅಲುಗುವಾಗ ಆ ಬಾಗಿನ ಮೇಲೆ ತಾಗಿ ತಾಗಿ ಏಳುತ್ತದೆ. ತಂತಿಯ ಕೆಳಗೆ ಇಡುವ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ಮೊಂಡಾಗಿದ್ದ ದನಿ ತಟ್ಟನೆ ಬಿಚ್ಚಿಕೊಂಡು ಒಳದನಿಗಳೆಲ್ಲ ಮೇಲೇಳುತ್ತವೆ. ದಾರ ನಿಲ್ಲಬೇಕಾದ್ದು ಅಲ್ಲೇ.

ಪಾ, ಸಾ, ಸಾ, ಖರ್ಜ ಎಂದು ಕೂಡಿಸಿದ ತಂಬೂರಿ ಖರ್ಜದಿಂದ ಶುದ್ಧ ಗಾಂಧಾರ ಕೊಡುತ್ತದೆ. ಪಾ ತಂತಿಯ ಮೂರನೆಯ ಒಳದನಿ 270ರ ರಿಷಭ ಆಗುತ್ತದೆ, ಐದನೆಯದು 450ರ ನಿಷಾದ. ಪಂಚಮ ಇಲ್ಲದ ರಾಗಕ್ಕೆ ಮೊದಲ ತಂತಿಯನ್ನು ಮಾಗೆ ಇಳಿಸಿದರೆ ಅದರ ಐದನೆಯ ಒಳದನಿಯಾಗಿ 400ರ ಧೈವತ ಏಳುತ್ತದೆ. ಪಾ ಕೂಡಿಸಿದಾಗ ರಿಷಭದ ಪಂಚಮ ಹಿಡಿದು ಹೊರಟವರು 405ರ ಕಡೆ ವಾಲುತ್ತಾರೆ. ಎರಡು ಧೈವತಗಳಲ್ಲಿ ಯಾವುದು ಸಹಜ ಎನ್ನಿಸುತ್ತದೆ ಎಂಬುದರಲ್ಲಿ ತಂಬೂರಿಯ ಒಂದು ತಂತಿಯ ಪಾಲೂ ಇದೆ.

ಗಾಯಕರು ಇದನ್ನು ಅಂಕಿಯಲ್ಲಿ ಹೇಳುವುದಿಲ್ಲ, ರಾಗದ ಹೆಸರಿನಲ್ಲಿ ಹೇಳುತ್ತಾರೆ. ಭೂಪ ಮತ್ತು ದೇಸಕಾರದ ಸ್ವರಗಳು ಒಂದೇ, ದೇಸಕಾರದ ಧೈವತ ತುಸು ಏರಿದ್ದು. ದರಬಾರಿಯ ಗಾಂಧಾರ ಅತಿಕೋಮಲ, ಆಂದೋಲನದಲ್ಲಿ ತೂಗುವಂಥದ್ದು. ಇದನ್ನು ಯಂತ್ರದಿಂದ ಅಳೆಯುವ ಕೆಲಸವೂ ನಡೆದಿದೆ. ನಾಝಿರ್ ಜೈರಾಝಭಾಯ್ ಮತ್ತು ಸ್ಟೋನ್ 1963ರಲ್ಲಿ, ಮಾರ್ಕ್ ಲೆವಿ 1982ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕಂಡದ್ದು ಇಷ್ಟು: ಒಬ್ಬರೇ ಕಲಾವಿದರು ಒಂದೇ ರಾಗದಲ್ಲಿ ಒಂದೇ ಸ್ವರವನ್ನು ಬೇರೆ ಬೇರೆ ಎತ್ತರದಲ್ಲಿ ಮುಟ್ಟುತ್ತಾರೆ. ಹೀಗಾಗಿ 22 ಜಾಗಗಳನ್ನು ದಾರಿಯ ಗುರುತು ಎಂದು ಇಟ್ಟುಕೊಳ್ಳುವುದು ಲೇಸು. ದನಿ ನಿಂತು ವಿಶ್ರಮಿಸುವಾಗ ಅವುಗಳ ಹತ್ತಿರ ಬರುತ್ತದೆ, ಮೀಂಡಿನಲ್ಲಿ ಜಾರುವಾಗ ಅವುಗಳನ್ನು ಲೆಕ್ಕಿಸುವುದೇ ಇಲ್ಲ.

ಮೇಳದಲ್ಲಿ ಮಾಡಬಹುದಾದದ್ದು

ಪೇಟಿಯನ್ನು ಬಿಟ್ಟುಬಿಡಿ ಎಂದು ಯಾವ ಮೇಳಕ್ಕೂ ಹೇಳಲಾಗದು, ಹೇಳುವ ಅಗತ್ಯವೂ ಇಲ್ಲ. ಇಷ್ಟು ನೋಡಿಕೊಂಡರೆ ಸಾಕು.

ಪೇಟಿಯಿಂದ ಸಾ ಒಂದನ್ನೇ ತೆಗೆದುಕೊಂಡು ತಂಬೂರಿಯ ನಡುವಿನ ಎರಡು ತಂತಿ ಮತ್ತು ಖರ್ಜ ಕೂಡಿಸಿ. ಪಾ ತಂತಿಗೆ ಪೇಟಿಯ ಪಾ ಒತ್ತಬೇಡಿ. ಖರ್ಜವನ್ನೂ ಪಾ ತಂತಿಯನ್ನೂ ಒಟ್ಟಿಗೆ ಮಿಡಿದು, ಮಿಡಿತ ಪೂರ್ತಿ ನಿಲ್ಲುವವರೆಗೆ ಖುಂಟಿ ತಿರುಗಿಸಿ. ಆಮೇಲೆ ಮಣಿ ಸರಿಸಿ ಕೂದಲೆಳೆಯ ವ್ಯತ್ಯಾಸ ತೆಗೆಯಿರಿ.

ಹೊಸಬರಿಗೆ ಗಾಂಧಾರ, ಧೈವತ, ನಿಷಾದ ಹೇಳಿಕೊಡುವಾಗ ಪೇಟಿ ಮುಚ್ಚಿಡಿ. ಖರ್ಜದ ತಂತಿ ಒಂದನ್ನೇ ಮಿಡಿದು ಅದರೊಳಗಿನ ಗಾಂಧಾರ ಕೇಳಿಸಿ, ಅದಕ್ಕೆ 'ಆ'ಕಾರದಲ್ಲಿ ದನಿ ಸೇರಿಸಲು ಹೇಳಿ. ಗಾಂಧಾರ ಸಿಕ್ಕಾಗ ತಂಬೂರಿಯ ದನಿಯೇ ದೊಡ್ಡದಾದಂತೆ ಕೇಳುತ್ತದೆ.

ಒಂದೇ ಪಟ್ಟಿಯಲ್ಲಿ ಹಾಡುವ ಗಾಯಕರಿಗೆ ಮೀಸಲಾದ ಪೇಟಿಯಾದರೆ ಗಾಂಧಾರ ಟ್ಯೂನಿಂಗ್ ಮಾಡಿಸಬಹುದು. ಮಹಾರಾಷ್ಟ್ರದ ಪೇಟಿ ಕಾರೀಗರರಿಗೆ ಈ ಹೆಸರು ಪರಿಚಿತ. ಹಿತ್ತಾಳೆಯ ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಶುದ್ಧ ಗಾ, ಧಾ, ನೀಗಳ ಬುಡ ಕೆರೆದು ಹತ್ತು ಹದಿನೈದು ಸೆಂಟ್ ಇಳಿಸುತ್ತಾರೆ, ಕೋಮಲ ಸ್ವರಗಳ ತುದಿ ಕೆರೆದು ಅಷ್ಟೇ ಏರಿಸುತ್ತಾರೆ. ಹಾಗೆ ಮಾಡಿದ ಪೇಟಿ ಬೇರೆ ಪಟ್ಟಿಗೆ ನಡೆಯುವುದಿಲ್ಲ. ಮೇಳದ ಏಕೈಕ ಪೇಟಿಗೆ ಮಾತ್ರ ಈ ಪ್ರಯೋಗ ಬೇಡ.

ಕೊನೆಯದು ಪೇಟಿ ಮಾಸ್ತರರಿಗೆ. ಗಾಯಕರು ಗಾಂಧಾರದ ಮೇಲೋ ಧೈವತದ ಮೇಲೋ ದನಿ ನಿಲ್ಲಿಸಿದಾಗ ಆ ಪಟ್ಟಿಯಿಂದ ಬೆರಳೆತ್ತಿ ಸಾ ಅಥವಾ ಪಾ ಹಿಡಿದಿರಿ. ಆಂದೋಲನ ನಡೆದಾಗ ಸುಮ್ಮನಿರಿ. ತಾನ್, ಸರಗಮ್, ವೇಗದ ಹಾಡು ಬಂದಾಗ ಧಾರಾಳವಾಗಿ ಬಾರಿಸಿ. ಅಲ್ಲಿ ಸ್ವರ ಅರೆಗಳಿಗೆಯೂ ನಿಲ್ಲುವುದಿಲ್ಲ, ಸೆಕೆಂಡಿಗೆ ಐದರ ಮಿಡಿತ ಒಂದು ಸಲ ಹುಟ್ಟುವುದರೊಳಗೆ ಮುಂದಿನ ಸ್ವರ ಬಂದಿರುತ್ತದೆ.